ಗುಂಡು ತೋಡಿದ ಗುಂಡಿ

2023ರ ನಂಜನಗೂಡಿನ ದೊಡ್ಡ ಜಾತ್ರೆಗೆ ನಾನೂ ನನ್ನಾಕೆಯೂ ನಮ್ಮ ಹಳೆಯ ಯೆಜ್ಡಿ ಬೈಕಿನಲ್ಲಿ ಹೋಗಿದ್ದೆವು. ತೇರು ನೋಡಿಕೊಂಡು ಹಿಂದಿರುಗುವಾಗ ರಸ್ತೆ ತುಂಬ ಜನ. ಕಡಲೆಪುರಿ ಪೊಟ್ಟಣ ಹಿಡಿದವರು, ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡವರು, ಕೊಂಡ ಬಾಂಡಲಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಬಿಸಿಲು ತಪ್ಪಿಸಿಕೊಂಡವರು. ಇವರ ನಡುವೆ ಗಾಡಿ ನಡಿಗೆಯ ವೇಗದಲ್ಲಿ ತೆವಳುತ್ತಿತ್ತು. ಎಷ್ಟೇ ಪ್ರಯತ್ನಪಟ್ಟರೂ ಅದು ನೆಟ್ಟಗೆ ಹೋಗಲೊಲ್ಲದು. ಸ್ವಲ್ಪ ಎಡಕ್ಕೆ ವಾಲುವುದು, ತಿದ್ದಿದರೆ ಬೇಕಾದ್ದಕ್ಕಿಂತ ಹೆಚ್ಚು ಬಲಕ್ಕೆ ಎಳೆಯುವುದು.

"ಇದೇನ್ರೀ, ಹಾವು ಹರಿದ ಹಾಗೆ ಓಡಿಸ್ತಿದ್ದೀರಿ?" ಎಂದಳು ಹಿಂದೆ ಕುಳಿತವಳು, ನಗುತ್ತಲೇ.

ನನಗೆ ನಗು ಬರಲಿಲ್ಲ. ಏಕೆಂದು ಹೇಳಬೇಕಾದರೆ ಈ ಗಾಡಿಯ ಕಥೆಯನ್ನೂ ನಮ್ಮಪ್ಪನ ಕಥೆಯನ್ನೂ ಒಟ್ಟಿಗೇ ಹೇಳಬೇಕು.

ನಮ್ಮಪ್ಪ ಪಶುವೈದ್ಯ ಇಲಾಖೆಯಲ್ಲಿದ್ದವರು. ಹಳ್ಳಿಯಿಂದ ಹಳ್ಳಿಗೆ ತಿರುಗುವ ನೌಕರಿ. 1983ರಲ್ಲಿ ಸಾಲ ಮಾಡಿ ಈ ಯೆಜ್ಡಿಯನ್ನು ಕೊಂಡರು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ. 1961ರಿಂದ ಮೊದಲು ಜಾವಾ ಎಂಬ ಹೆಸರಿನಲ್ಲಿ, ಆಮೇಲೆ ಯೆಜ್ಡಿ ಎಂಬ ಹೆಸರಿನಲ್ಲಿ ಅಲ್ಲಿಂದ ಹೊರಬಂದ ಬೈಕುಗಳು ನಮ್ಮ ಸೀಮೆಯವರಿಗೆ ಮನೆಯ ಮಕ್ಕಳಿದ್ದ ಹಾಗೆ. ಕಿಕ್ಕರನ್ನೇ ಮಡಚಿ ಗೇರ್ ಮಾಡಿಕೊಳ್ಳುವ ಅದರ ಚಮತ್ಕಾರವನ್ನು ಹೊರಊರಿನ ನೆಂಟರಿಗೆ ತೋರಿಸುವುದೇ ನಮಗೊಂದು ಹೆಮ್ಮೆ. ಕಾರ್ಖಾನೆ 1996ರಲ್ಲಿ ಮುಚ್ಚಿತು. 2022ರಲ್ಲಿ ಬೇರೊಂದು ಕಂಪನಿಯವರು ಯೆಜ್ಡಿ ಹೆಸರಿನಲ್ಲಿ ಹೊಸ ಬೈಕುಗಳನ್ನು ತಂದಿದ್ದಾರೆ ನಿಜ. ಆದರೆ ಎರಡು ಸೈಲೆನ್ಸರಿನಿಂದ ನೀಲಿ ಹೊಗೆ ಬಿಡುತ್ತಾ ಓಣಿಯ ತುದಿಯಲ್ಲಿರುವಾಗಲೇ ಅಪ್ಪ ಬಂದರೆಂದು ಸಾರುತ್ತಿದ್ದ ಗಾಡಿ ಹಳೆಯದೇ.

1992ರಲ್ಲಿ, ತಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ, ಅಪ್ಪ ಒಂದು ದಿನ ಬೀಗದ ಕೈಯನ್ನು ನನ್ನ ಮುಂದಿಟ್ಟು "ಇನ್ನು ನೀನೇ ಓಡಿಸು" ಎಂದರು. ಅವರ ಬಲಗೈ ನಡುಗಲು ಶುರುವಾಗಿ ಆಗಲೇ ವರ್ಷವಾಗಿತ್ತು. ಡಾಕ್ಟರು ಕಂಪವಾತ ಎಂದರು. ಆಮೇಲಿನ ಒಂಬತ್ತು ವರ್ಷ ಅವರು ಹೇಗೆ ಬದುಕಿದರೆಂಬುದನ್ನು ಇಲ್ಲಿ ಬರೆಯಲಾರೆ. ಊಟದ ತಟ್ಟೆಯ ಮುಂದೆ ಕುಳಿತಾಗ ಅವರು ನಮ್ಮ ಕಡೆ ನೋಡುತ್ತಿರಲಿಲ್ಲ ಎಂದಷ್ಟೇ ಹೇಳಿದರೆ ಸಾಕು.

ಜಾತ್ರೆಯ ದಿನ ನನಗೆ ಐವತ್ತೈದು.

ಮನೆಗೆ ಬಂದವನೇ ಬಚ್ಚಲುಮನೆಗೆ ಹೋಗಿ ಕದ ಹಾಕಿಕೊಂಡೆ. ಎರಡೂ ಕೈ ಮುಂದೆ ಚಾಚಿ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟು ನೋಡಿದೆ. ಹಾಳೆಯ ಅಂಚು ಅದುರುತ್ತಿತ್ತು. ಮರುದಿನವೂ ನೋಡಿದೆ, ಅದುರುತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವನು ನಾನು. ಒಂದು ಪ್ರಯೋಗದಿಂದ ತೀರ್ಮಾನಕ್ಕೆ ಬರಬಾರದು, ಹೋಲಿಸಿ ನೋಡಲು ಇನ್ನೊಂದು ಏರ್ಪಾಡು ಇರಬೇಕು ಎಂದು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ. ಆದರೆ ನನ್ನ ಮಗನನ್ನು ಕರೆದು "ನೀನೂ ಕೈ ಚಾಚು, ಹಾಳೆ ಇಡುತ್ತೇನೆ" ಎನ್ನುವ ಬುದ್ಧಿ ಬರಲಿಲ್ಲ. ಹೆದರಿದವನಿಗೆ ವಿಜ್ಞಾನ ಮರೆತುಹೋಗುತ್ತದೆ.

ಅಂದಿನಿಂದ ಮಡದಿಯನ್ನು ಹಿಂದೆ ಕೂರಿಸಿಕೊಳ್ಳುವುದನ್ನು ಬಿಟ್ಟೆ. "ಮುಂದಿನ ಟೈರು ಸವೆದಿದೆ" ಎಂದೆ. ಟೈರು ಬದಲಾಯಿಸಿದೆ. "ಗಾಳಿ ನಿಲ್ಲುತ್ತಿಲ್ಲ" ಎಂದೆ. ಆಕೆ ಬಸ್ಸಿನಲ್ಲಿ ಹೋಗಿಬರುವುದನ್ನು ರೂಢಿ ಮಾಡಿಕೊಂಡಳು. ವಿಚಿತ್ರವೆಂದರೆ ನಲವತ್ತು, ಐವತ್ತು ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಅಷ್ಟಾಗಿ ತೊಂದರೆಯಿರಲಿಲ್ಲ. ನಿಧಾನ ಮಾಡಿದರೆ ಮಾತ್ರ ಹಾವಿನ ನಡಿಗೆ. ಕೈಯ ರೋಗಕ್ಕೆ ಸ್ಪೀಡೋಮೀಟರ್ ಏಕೆ ಬೇಕು ಎಂದು ನನ್ನನ್ನು ನಾನೇ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ.

ಆಗಸ್ಟ್ ತಿಂಗಳಲ್ಲಿ ಬಸ್ ನಿಲ್ದಾಣದ ಮುಂದೆ, ಇಡೀ ಊರು ನೋಡುತ್ತಿರುವಾಗ, ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದ ಸೈಕಲ್ಲಿಗೆ ತಾಗಿಸಿಬಿಟ್ಟೆ. ಆತನೂ ಬಿದ್ದ, ನಾನೂ ಬಿದ್ದೆ, ಹಾಲೂ ಚೆಲ್ಲಿತು. ದೇವರ ದಯದಿಂದ ಯಾರಿಗೂ ಪೆಟ್ಟಾಗಲಿಲ್ಲ. ನನ್ನ ತರಗತಿಯ ಹುಡುಗರೇ ಓಡಿಬಂದು ಎತ್ತಿದರು. ಹಾಲಿನ ದುಡ್ಡು ಕೊಡಲು ಹೋದರೆ ಆತ ಅರ್ಧ ಮಾತ್ರ ತೆಗೆದುಕೊಂಡು "ವಯಸ್ಸಾಯ್ತಲ್ಲ ಮೇಷ್ಟ್ರೇ, ಜ್ವಾಪಾನ" ಎಂದ. ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತು. ಆ ರಾತ್ರಿ ನಿದ್ದೆ ಬರಲಿಲ್ಲ. ಗಾಡಿ ಮಾರಿಬಿಡುವುದೆಂದು ನಿಶ್ಚಯಿಸಿದೆ.

ಮಾರುವ ಮುಂಚೆ ಬ್ರೇಕು, ಲೈಟು ಸರಿಮಾಡಿಸೋಣವೆಂದು ಗ್ಯಾರೇಜಿಗೆ ಒಯ್ದೆ. ಅಲ್ಲಿಯ ಮೇಸ್ತ್ರಿಯನ್ನು ಊರೆಲ್ಲ ಭಾಯ್ ಎಂದೇ ಕರೆಯುತ್ತದೆ. ನನಗಿಂತ ಹತ್ತು ವರ್ಷ ಹಿರಿಯರು, ಯೆಜ್ಡಿಯ ಮೂಳೆ ಮೂಳೆ ಬಲ್ಲವರು. ಅವರು ಗಾಡಿಯನ್ನು ಅಂಗಳದಲ್ಲಿ ಒಂದು ಸುತ್ತು ಓಡಿಸಿ ಇಳಿದರು. ಏನೂ ಹೇಳದೆ ಸೆಂಟರ್ ಸ್ಟ್ಯಾಂಡ್ ಹಾಕಿದರು. ಮುಂದಿನ ಚಕ್ರ ನೆಲ ಬಿಡುವಂತೆ ಸೀಟಿನ ಹಿಂಭಾಗವನ್ನು ಅದುಮಿ ಹಿಡಿಯಲು ಹುಡುಗನಿಗೆ ಹೇಳಿದರು.

"ಬನ್ನಿ ಮೇಷ್ಟ್ರೇ, ಕಣ್ಣು ಮುಚ್ಕೊಂಡು ಹ್ಯಾಂಡಲ್ ಆ ಕಡೆ ಈ ಕಡೆ ತಿರುಗಿಸಿ ನೋಡಿ. ಎರಡೇ ಬೆರಳಲ್ಲಿ."

ತಿರುಗಿಸಿದೆ. ಎಡದಿಂದ ನುಣ್ಣಗೆ ಬಂದ ಹ್ಯಾಂಡಲ್ ನೇರವಾಗುತ್ತಿದ್ದಂತೆ ಕಟ್ ಎಂದು ಒಂದು ಕುಳಿಯಲ್ಲಿ ಬಿದ್ದು ನಿಂತಿತು. ಅಲ್ಲಿಂದ ಬಲಕ್ಕೆ ಹೊರಡಿಸಲು ಬೆರಳಿಗೆ ಜೋರು ಬೇಕಾಯಿತು. ಹೊರಟಾಗ ಒಮ್ಮೆಲೇ ಜಾರಿ ಹೋಯಿತು. ಮತ್ತೆ ಹಿಂದಕ್ಕೆ ತಂದೆ, ಅದೇ ಜಾಗದಲ್ಲಿ ಮತ್ತೆ ಕಟ್.

"ಕೋನ್ ಸೆಟ್ ಹೋಗಿದೆ. ಗುಂಡಿ ಬಿದ್ದಿದೆ. ಇಂಥ ಗಾಡೀನ ಯಾರು ಓಡಿಸಿದ್ರೂ ಸೊಟ್ಟಗೇ ಹೋಗೋದು" ಎಂದರು ಭಾಯ್.

ಯಾರು ಓಡಿಸಿದರೂ! ಆ ಎರಡು ಪದ ಕೇಳಿ ನಾನು ಅಲ್ಲಿದ್ದ ಹಳೆಯ ಟೈರಿನ ಮೇಲೆ ಕುಳಿತುಬಿಟ್ಟೆ.

ತಿಳಿಯದವರಿಗಾಗಿ ಹೇಳುತ್ತೇನೆ. ಬೈಕಿನ ಹ್ಯಾಂಡಲ್ಲೂ ಮುಂದಿನ ಫೋರ್ಕೂ ಒಂದು ದಪ್ಪ ಕಂಬಿಗೆ ಸೇರಿಕೊಂಡಿರುತ್ತವೆ. ಆ ಕಂಬಿ ಚೇಸಿಸ್ಸಿನ ಮುಂಭಾಗದ ಕೊಳವೆಯೊಳಗೆ ನಿಂತು ತಿರುಗುತ್ತದೆ. ಕೊಳವೆಯ ಮೇಲಿನ ಬಾಯಿಗೊಂದು, ಕೆಳಗಿನ ಬಾಯಿಗೊಂದು ಉಕ್ಕಿನ ಬಟ್ಟಲು ಬಿಗಿಯಾಗಿ ಕೂತಿರುತ್ತದೆ. ಕಂಬಿಯ ಮೇಲೆ ಅದಕ್ಕೆ ಸರಿಯಾಗಿ ಎರಡು ಕೋನ್‌ಗಳು. ಬಟ್ಟಲಿಗೂ ಕೋನ್‌ಗೂ ನಡುವೆ ಗ್ರೀಸಿನಲ್ಲಿ ಅದ್ದಿದ ಉಕ್ಕಿನ ಗುಂಡುಗಳ ಸಾಲು. ಎಲ್ಲ ಸೇರಿ ಕೋನ್ ಸೆಟ್. ಎಂಟನೆಯ ತರಗತಿಯ ಘರ್ಷಣೆಯ ಪಾಠದಲ್ಲಿ ಬರುವ ಬಾಲ್ ಬೇರಿಂಗ್ ಎಂಬುದು ಇದೇ. ಜಾರುವುದಕ್ಕಿಂತ ಉರುಳುವುದು ಸುಲಭ ಎಂದು ಪ್ರತಿ ವರ್ಷ ಪೆನ್ಸಿಲ್ಲುಗಳ ಮೇಲೆ ಪುಸ್ತಕ ಉರುಳಿಸಿ ತೋರಿಸುತ್ತೇನೆ.

ಎರಡು ಚಕ್ರದ ಗಾಡಿ ಬೀಳದೆ ನಿಲ್ಲುವುದರಲ್ಲಿ ಈ ಗುಂಡುಗಳ ಪಾಲು ದೊಡ್ಡದು. ಸೈಕಲ್ಲನ್ನು ಸೀಟು ಹಿಡಿದು ತಳ್ಳಿಕೊಂಡು ಹೋಗಿ ನೋಡಿ. ಎಡಕ್ಕೆ ವಾಲಿಸಿದರೆ ಹ್ಯಾಂಡಲ್ ತಾನಾಗಿಯೇ ಎಡಕ್ಕೆ ತಿರುಗುತ್ತದೆ, ಚಕ್ರಗಳು ಭಾರದ ಕೆಳಗೆ ಬಂದು ಸೈಕಲ್ ನೆಟ್ಟಗಾಗುತ್ತದೆ. ನಾವು ನೇರ ಹೋಗುತ್ತಿದ್ದೇವೆ ಎಂದುಕೊಂಡಾಗಲೂ ಹ್ಯಾಂಡಲ್ ಕ್ಷಣಕ್ಷಣಕ್ಕೂ ಕೂದಲೆಳೆಯಷ್ಟು ಅತ್ತಿತ್ತ ತಿರುಗಿ ತಿದ್ದಿಕೊಳ್ಳುತ್ತಲೇ ಇರುತ್ತದೆ. ಹ್ಯಾಂಡಲ್ ಅಲುಗದಂತೆ ಕಟ್ಟಿಬಿಟ್ಟರೆ ಎಂಥ ನಿಪುಣನೂ ಹತ್ತು ಮಾರು ಹೋಗಲಾರ. ವೇಗ ಕಡಿಮೆಯಾದಷ್ಟೂ ಈ ತಿದ್ದುಪಡಿ ಹೆಚ್ಚು ಬೇಕು. ನನ್ನ ಗಾಡಿಯಲ್ಲಿ ಆ ಕೂದಲೆಳೆಯಷ್ಟು ತಿರುಗುವುದಕ್ಕೇ ಕುಳಿ ಬಿಡುತ್ತಿರಲಿಲ್ಲ. ಜೋರು ಹಾಕಿದರೆ ಕುಳಿಯಿಂದ ಹಾರಿ ಬೇಕಾದ್ದಕ್ಕಿಂತ ಹೆಚ್ಚು ತಿರುಗುತ್ತಿತ್ತು. ಸ್ಪೀಡೋಮೀಟರಿನ ಒಗಟು ಒಡೆಯಿತು.

ಭಾಯ್ ಹೇಳಿದಂತೆ ಮೈಸೂರಿಗೆ ಹೋಗಿ, ಹಳೆಯ ಗಾಡಿಗಳ ಬಿಡಿಭಾಗ ಮಾರುವ ಅಂಗಡಿಯಲ್ಲಿ ಹೊಸ ಕೋನ್ ಸೆಟ್ ತಂದೆ. ಭಾನುವಾರ ನಮ್ಮ ಮನೆಯ ಅಂಗಳದಲ್ಲೇ ಕೆಲಸ ಮಾಡುವುದೆಂದು ಮಾತಾಯಿತು. ಮನೆಯಲ್ಲೇ ಎಂದದ್ದಕ್ಕೆ ನನ್ನದೊಂದು ಕಾರಣವಿತ್ತು. ಉಕ್ಕು ತಣ್ಣಗಾದರೆ ಕುಗ್ಗುತ್ತದೆ. ನಾಲ್ಕು ಸೆಂಟಿಮೀಟರ್ ವ್ಯಾಸದ ಉಕ್ಕಿನ ಬಟ್ಟಲನ್ನು ಕೋಣೆಯ ಶಾಖದಿಂದ ಸುಮಾರು 45 ಡಿಗ್ರಿ ಸೆಲ್ಸಿಯಸ್‌ನಷ್ಟು ತಣಿಸಿದರೆ ಅದರ ವ್ಯಾಸ ಮಿಲಿಮೀಟರಿನ ನೂರರಲ್ಲಿ ಎರಡು ಭಾಗದಷ್ಟು ಕಡಿಮೆಯಾಗುತ್ತದೆ. ಕೇಳಲು ಅತ್ಯಲ್ಪ. ಆದರೆ ಬಿಗಿಯಾಗಿ ಕೂರಬೇಕಾದ ಬಟ್ಟಲಿಗೆ ಅಷ್ಟೇ ದೊಡ್ಡ ಉಪಕಾರ. ಆದ್ದರಿಂದ ಶನಿವಾರ ರಾತ್ರಿ ಬಟ್ಟಲುಗಳನ್ನು ಒರೆಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಫ್ರಿಜ್ಜಿನ ಮಂಜುಗಡ್ಡೆಯ ಖಾನೆಯಲ್ಲಿಟ್ಟೆ.

ಹತ್ತು ನಿಮಿಷಕ್ಕೆ ಮಡದಿ ಆ ಕವರು ಹಿಡಿದು ನನ್ನ ಮುಂದೆ ನಿಂತಳು. "ಇದೇನು ಬಟಾಣಿ ಪಕ್ಕದಲ್ಲಿ ಕಬ್ಬಿಣ?"

ವಿವರಿಸಹೊರಟವನು ಕುಗ್ಗುವಿಕೆಯಲ್ಲಿ ಶುರುಮಾಡಿ, ಕೋನ್ ಸೆಟ್ಟಿಗೆ ಬಂದು, ಅಲ್ಲಿಂದ ಹೇಗೋ ಜಾತ್ರೆಯ ದಿನಕ್ಕೆ, ಬಚ್ಚಲುಮನೆಯ ಹಾಳೆಗೆ, ಅಪ್ಪನ ಕೈಗೆ ಬಂದುಬಿಟ್ಟೆ. ಆರು ತಿಂಗಳಿಂದ ಮುಚ್ಚಿಟ್ಟದ್ದೆಲ್ಲ ಹೊರಬಂತು. ಆಕೆ ಕೇಳುತ್ತಾ ನಿಂತಿದ್ದಳು. ಕವರಿನ ಹೊರಗೆ ನೀರು ಕಟ್ಟಿ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು.

"ದಿನಾ ಬೆಳಿಗ್ಗೆ ನಿಮ್ಮ ಕೈಗೆ ಕಾಫಿ ಲೋಟ ಕೊಡೋಳು ನಾನು. ಕಂಠಮಟ್ಟ ತುಂಬಿರುತ್ತೆ. ಇಲ್ಲೀವರೆಗೆ ಒಂದು ತೊಟ್ಟು ಚೆಲ್ಲಿದ್ದು ನಾನು ನೋಡಿಲ್ಲ. ನಿಮ್ಮ ಕೈ ನಡುಗಿದ್ರೆ ನನಗೆ ಮೊದಲು ಗೊತ್ತಾಗಲ್ವೇನ್ರೀ? ನನ್ನ ಒಂದು ಮಾತು ಕೇಳಬಾರದಿತ್ತೇ?" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಬಸ್ಸಿನಲ್ಲಿ ನಿಂತುಕೊಂಡು ಓಡಾಡಿ ಮಂಡಿ ನೋವು ಬಂದಿದ್ದು ನನಗೆ" ಎಂದೂ ಸೇರಿಸಿದಳು. ಕವರನ್ನು ಒರೆಸಿ ತಾನೇ ಮತ್ತೆ ಬಟಾಣಿಯ ಪಕ್ಕದಲ್ಲಿಟ್ಟಳು.

ಕಾಫಿ ಲೋಟ! ಪ್ರತಿದಿನ ತಪ್ಪದೆ ನಡೆಯುತ್ತಿದ್ದ, ಸಾಕ್ಷಿಯೂ ಇದ್ದ ಪ್ರಯೋಗ. ವಿಜ್ಞಾನದ ಮೇಷ್ಟ್ರ ಕಣ್ಣಿಗೆ ಮಾತ್ರ ಬಿದ್ದಿರಲಿಲ್ಲ.

ಭಾನುವಾರ ಬೆಳಿಗ್ಗೆ ಭಾಯ್ ಚೀಲ ಹೊತ್ತು ಬಂದರು. ಎಂಜಿನ್ನಿನ ಕೆಳಗೆ ಮರದ ದಿಮ್ಮಿ ಕೊಟ್ಟು ಮುಂದಿನ ಚಕ್ರ ಎತ್ತರಿಸಿದೆವು. ಚಕ್ರ, ಮಡ್‌ಗಾರ್ಡು, ಹೆಡ್‌ಲೈಟು ಕಳಚಿ, ಹ್ಯಾಂಡಲ್ಲನ್ನು ಕೇಬಲ್ಲುಗಳ ಸಮೇತ ಟ್ಯಾಂಕಿನ ಮೇಲೆ ಗೋಣಿಚೀಲ ಹಾಸಿ ಮಲಗಿಸಿದೆವು. ಮೇಲಿನ ನಟ್ಟು ಬಿಚ್ಚುವ ಮುಂಚೆ ಭಾಯ್ ನೆಲದ ಮೇಲೆ ನನ್ನ ಹಳೆಯ ಪಂಚೆ ಹರಡಿಸಿದರು. "ಫೋರ್ಕ್ ಕೆಳಗಿಂದ ಹಿಡ್ಕೊಳ್ಳಿ. ಬಿಟ್ಟರೆ ಗುಂಡೆಲ್ಲ ಚರಂಡಿ ಪಾಲು" ಎಂದರು. ನಟ್ಟು ಸಡಿಲವಾಗುತ್ತಿದ್ದಂತೆ ಕಂಬಿ ಮೆಲ್ಲಗೆ ಕೆಳಗಿಳಿಯಿತು, ಗುಂಡುಗಳು ಒಂದೊಂದಾಗಿ ಪಂಚೆಯ ಮೇಲೆ ಉದುರಿದವು. ಗ್ರೀಸು ಎಂದೋ ಒಣಗಿ ಮೇಣದಂತಾಗಿತ್ತು. ಜೊತೆಗೆ ಕೆಂಪು ಮಿಶ್ರಿತ ಕಂದು ಪುಡಿ, ಅಂದರೆ ಕಬ್ಬಿಣದ ತುಕ್ಕು.

ಕೆಳಗಿನ ಬಟ್ಟಲನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದೆ. ಗುಂಡುಗಳು ಓಡಾಡುವ ಹಾದಿಯ ಉದ್ದಕ್ಕೂ, ಗುಂಡಿಗೊಂದರಂತೆ, ಸಮ ಅಂತರದಲ್ಲಿ ಸಣ್ಣ ಸಣ್ಣ ಕುಳಿಗಳು. ಉಗುರು ಆಡಿಸಿದರೆ ತಡೆಯುತ್ತಿತ್ತು. ಎಷ್ಟು ಒಪ್ಪವಾಗಿದ್ದವೆಂದರೆ ಅಕ್ಕಸಾಲಿ ಕೂತು ಕೊರೆದಂತೆ.

ಸ್ವೀಡನ್ನಿನ ಬ್ರಿನೆಲ್ ಎಂಬಾತ 1900ರಲ್ಲಿ ಲೋಹದ ಗಡಸುತನ ಅಳೆಯುವ ವಿಧಾನವೊಂದನ್ನು ತಂದ. 10 ಮಿಲಿಮೀಟರಿನ ಉಕ್ಕಿನ ಗುಂಡನ್ನು 3000 ಕಿಲೋ ಭಾರದಿಂದ ಲೋಹದ ಮೇಲೆ ಒತ್ತಿ, ಮೂಡಿದ ಕುಳಿಯನ್ನು ಅಳೆಯುವುದು. ಬೇರಿಂಗಿನಲ್ಲಿ ಬೀಳುವ ಇಂಥ ಗುಂಡಿಗೆ ಎಂಜಿನಿಯರುಗಳು ಅವನ ಹೆಸರನ್ನೇ ಇಟ್ಟಿದ್ದಾರೆ. ಗುಂಡು ಬಟ್ಟಲನ್ನು ಮುಟ್ಟುವ ಜಾಗ ಸಾಸಿವೆಗಿಂತ ಚಿಕ್ಕದು. ವಿಸ್ತೀರ್ಣ ಕಡಿಮೆಯಾದಷ್ಟೂ ಒತ್ತಡ ಹೆಚ್ಚು. ರಸ್ತೆಯ ಗುಂಡಿಯಲ್ಲಿ ಚಕ್ರ ಇಳಿದಾಗಲೆಲ್ಲ ಆ ಪೆಟ್ಟು ಗುಂಡಿನ ಮೂಲಕ ಬಟ್ಟಲಿಗೆ ತಲುಪಿ ಅಲ್ಲೊಂದು ಗುಂಡಿ ತೋಡುತ್ತದೆ. ಪೆಟ್ಟಿಲ್ಲದಿದ್ದರೂ ನಿಂತಲ್ಲೇ ಅದುರುವ ಗುಂಡು ತನ್ನ ಅಡಿಯ ಗ್ರೀಸನ್ನು ಹೊರತಳ್ಳಿ ಲೋಹಕ್ಕೆ ಲೋಹವನ್ನು ಉಜ್ಜುತ್ತದೆ. ಆ ಕಂದು ಪುಡಿ ಅದರದ್ದು.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯದು. ಚಕ್ರದ ಬೇರಿಂಗು ನಿಮಿಷಕ್ಕೆ ನೂರಾರು ಸುತ್ತು ತಿರುಗಿ ಸವೆಯುತ್ತದೆ. ಇದು ಹಾಗಲ್ಲ. ನಮ್ಮೂರಿನಿಂದ ಶಾಲೆಗೆ ಒಂಬತ್ತು ಕಿಲೋಮೀಟರ್, ಹೆಚ್ಚುಕಡಿಮೆ ನೇರ ರಸ್ತೆ. ವರ್ಷಗಟ್ಟಲೆ ಅದೇ ರಸ್ತೆ, ಅದೇ ಗುಂಡಿ, ಹ್ಯಾಂಡಲ್ ಸದಾ ನೇರ. ಪ್ರತಿ ಗುಂಡೂ ಅದದೇ ಜಾಗದಲ್ಲಿ ನಿಂತು ಪೆಟ್ಟು ತಿಂದಿತ್ತು. ತಿರುಗುತ್ತಿದ್ದರೆ ಪೆಟ್ಟು ಸುತ್ತಲೂ ಹಂಚಿಹೋಗುತ್ತಿತ್ತು, ಗ್ರೀಸೂ ಹರಡುತ್ತಿತ್ತು. ಆ ಬಟ್ಟಲು ಕೆಟ್ಟದ್ದು ತಿರುಗಿ ತಿರುಗಿ ಅಲ್ಲ, ತಿರುಗದೆ. ಜಾತ್ರೆಯಿಂದೀಚೆಗೆ ನನ್ನ ಮನಸ್ಸೂ ಒಂದೇ ಯೋಚನೆಯ ಮೇಲೆ ನಿಂತು ಅದನ್ನೇ ಒತ್ತುತ್ತಿತ್ತಲ್ಲ ಎನಿಸಿತು. ಭಾಯ್‌ಗೆ ಹೇಳಲಿಲ್ಲ. ಅವರು ಉದ್ದನೆಯ ಕಬ್ಬಿಣದ ಸಲಾಕೆಯನ್ನು ಕೊಳವೆಯೊಳಗಿಂದ ಹಾಕಿ ಮೇಲಿನ ಬಟ್ಟಲನ್ನು ಒಮ್ಮೆ ಆ ಬದಿ ಒಮ್ಮೆ ಈ ಬದಿ ತಟ್ಟಿ ಸಮವಾಗಿ ಹೊರತೆಗೆಯುವುದರಲ್ಲಿದ್ದರು.

ಹೊಸ ಬಟ್ಟಲನ್ನು ಫ್ರಿಜ್ಜಿನಿಂದ ಓಡಿ ತಂದೆ. "ನಲವತ್ತು ವರ್ಷ ಸುತ್ತಿಗೇಲೇ ಕೂರಿಸಿದ್ದೀನಿ ಮೇಷ್ಟ್ರೇ" ಎಂದು ನಕ್ಕ ಭಾಯ್, ಮರದ ತುಂಡು ಅಡ್ಡವಿಟ್ಟು ಮೆಲ್ಲಗೆ ನಾಲ್ಕೇಟು ಹಾಕಿದರು. ಬಟ್ಟಲು ಓರೆಯಾಗದೆ ಹೋಗಿ ಕೂತಿತು. ಅವರು ಸುತ್ತಿಗೆ ಕೆಳಗಿಟ್ಟು, "ನಿಮ್ಮ ಫ್ರಿಜ್ಜು ಎಷ್ಟು ಲೀಟರಿಂದು?" ಎಂದು ಕೇಳಿದರು.

ಗುಂಡುಗಳೆಲ್ಲವನ್ನೂ ಹೊಸದೇ ಹಾಕಿದೆವು. ಹಳೆಯದರ ಜೊತೆ ಹೊಸದನ್ನು ಬೆರೆಸಿದರೆ ಸವೆಯದ ಗುಂಡೇ ಭಾರವನ್ನೆಲ್ಲ ಹೊರಬೇಕಾಗುತ್ತದೆ. ಬಟ್ಟಲಿಗೆ ಧಾರಾಳವಾಗಿ ಗ್ರೀಸ್ ಮೆತ್ತಿ, ಗುಂಡುಗಳನ್ನು ಒಂದೊಂದಾಗಿ ಅಂಟಿಸಿ, ಅವು ಒಂದನ್ನೊಂದು ನೂಕದಂತೆ ಚೂರು ಸಂದು ಉಳಿಸಿದೆವು. ಎಲ್ಲಕ್ಕಿಂತ ನಾಜೂಕಾದದ್ದು ಕೊನೆಯ ನಟ್ಟಿನ ಬಿಗಿ. ಹೆಚ್ಚು ಬಿಗಿದರೆ ಹ್ಯಾಂಡಲ್ ತಡೆಯುತ್ತದೆ, ಮತ್ತೆ ಹಾವಿನ ನಡಿಗೆ. ಸಡಿಲ ಬಿಟ್ಟರೆ ಮುಂದಿನ ಬ್ರೇಕ್ ಹಿಡಿದಾಗಲೆಲ್ಲ ಟಕ್ ಎನ್ನುತ್ತದೆ. ಚಕ್ರ ಜೋಡಿಸಿದ ಮೇಲೆ ಭಾಯ್ ಫೋರ್ಕಿನ ಕಾಲುಗಳನ್ನು ಹಿಡಿದು ಹಿಂದೆ ಮುಂದೆ ಜಗ್ಗಿದರು, ಅಲುಗಾಟವಿಲ್ಲ. ಹ್ಯಾಂಡಲ್ಲನ್ನು ನೇರ ನಿಲ್ಲಿಸಿ ಕಿರುಬೆರಳಲ್ಲಿ ತಾಗಿಸಿದರು. ಅದು ತನ್ನ ಭಾರಕ್ಕೆ ತಾನೇ ಎಡಕ್ಕೆ ಹೊರಳಿತು. ಬಲಕ್ಕೂ ಹಾಗೆಯೇ. ಆಮೇಲೆ ಲಾಕ್ ನಟ್ ಹಾಕಿ, "ಮುನ್ನೂರು ಕಿಲೋಮೀಟರ್ ಓಡಿಸಿ ಬನ್ನಿ, ಹೊಸ ಬಟ್ಟಲು ಕೂತಮೇಲೆ ಇನ್ನೊಂದ್ಸಲ ನೋಡೋಣ" ಎಂದರು.

ಮಡದಿಯ ಹಟಕ್ಕೆ ಡಾಕ್ಟರ ಬಳಿಗೂ ಹೋದೆ. ಬರೆಸಿದರು, ನಡೆಸಿದರು, ಬೆರಳು ಆಡಿಸಲು ಹೇಳಿದರು. ಸದ್ಯಕ್ಕೆ ಅಂಥ ಲಕ್ಷಣವೇನೂ ಕಾಣುತ್ತಿಲ್ಲ ಎಂದರು. ಹಾಳೆಯ ವಿಷಯ ಹೇಳಿದೆ. "ಹಾಳೆ ಇಟ್ಟರೆ ನನ್ನ ಕೈಯೂ ಅದುರುತ್ತೆ ಮೇಷ್ಟ್ರೇ. ಎಲ್ಲರ ಕೈಯಲ್ಲೂ ಸಣ್ಣ ನಡುಕ ಇದ್ದೇ ಇರುತ್ತೆ" ಎಂದರು. ಕಂಪವಾತದ ನಡುಕ ಸಾಮಾನ್ಯವಾಗಿ ಕೈ ಸುಮ್ಮನಿರುವಾಗ ಹೆಚ್ಚು, ಏನಾದರೂ ಹಿಡಿದಾಗ ಕಡಿಮೆ, ಮತ್ತು ಬಹುಪಾಲು ಜನರಲ್ಲಿ ಅದು ತಂದೆಯಿಂದ ಮಗನಿಗೆ ಬರುವಂಥದ್ದಲ್ಲ ಎಂದೂ ವಿವರಿಸಿದರು. ಆಗ ನೆನಪಾಯಿತು. ಅಪ್ಪನ ಕೈ ತೊಡೆಯ ಮೇಲೆ ಸುಮ್ಮನಿದ್ದಾಗಲೇ ಬೆರಳುಗಳು ಕಾಣದ ಗುಳಿಗೆಯೊಂದನ್ನು ಉರುಳಿಸುವಂತೆ ಆಡುತ್ತಿದ್ದವು. ಒಂಬತ್ತು ವರ್ಷ ಎದುರಿಗೇ ಇದ್ದರೂ ನಾನು ಸರಿಯಾಗಿ ನೋಡಿರಲಿಲ್ಲ. ನೋಡಲು ಧೈರ್ಯವಿರಲಿಲ್ಲ ಎಂದರೂ ಸರಿಯೇ.

ಮುಂದೆ ಏನು ಬರುವುದೋ ಯಾರು ಬಲ್ಲರು? ಬಂದರೆ ಮೊದಲು ಮನೆಯವಳಿಗೆ ಹೇಳುತ್ತೇನೆ ಎಂಬುದಷ್ಟನ್ನು ಖಂಡಿತ ಮಾಡಿಕೊಂಡಿದ್ದೇನೆ.

ಹಳೆಯ ಬಟ್ಟಲು ಈಗ ನಮ್ಮ ಶಾಲೆಯ ಪ್ರಯೋಗಾಲಯದಲ್ಲಿದೆ. ಒತ್ತಡದ ಪಾಠದ ದಿನ ಮಕ್ಕಳ ಕೈಗೆ ಕೊಟ್ಟು ಉಗುರು ಆಡಿಸಲು ಹೇಳುತ್ತೇನೆ. ಕಳೆದ ಸಲ ಒಬ್ಬಳು ಹುಡುಗಿ, "ಸಾರ್, ಇದು ಗಾಡಿ ಒಳಗಿತ್ತಲ್ಲ, ಹಾಳಾಗಿದೆ ಅಂತ ಹೊರಗಿಂದ ಹೇಗೆ ಗೊತ್ತಾಯ್ತು?" ಎಂದು ಕೇಳಿದಳು. "ಗೊತ್ತಿದ್ದವರನ್ನು ಕೇಳಿದೆ, ಆದರೆ ಬಹಳ ತಡವಾಗಿ ಕೇಳಿದೆ" ಎಂದೆ. ಮಕ್ಕಳು ನಕ್ಕರು.

2024ರ ದೊಡ್ಡ ಜಾತ್ರೆಗೂ ಹೋಗಿದ್ದೆವು. ಅದೇ ಜನ, ಅದೇ ಬಿಸಿಲು, ಅದೇ ನಡಿಗೆಯ ವೇಗ. ಗಾಡಿ ಜನರ ನಡುವೆ ಸದ್ದಿಲ್ಲದೆ ದಾರಿ ಮಾಡಿಕೊಂಡು ನೆಟ್ಟಗೆ ಹೋಗುತ್ತಿತ್ತು. ಹಿಂದಿನಿಂದ ಏನಾದರೂ ಮೆಚ್ಚುಗೆಯ ಮಾತು ಬಂದೀತೆಂದು ಕಾದೆ.

"ಅಲ್ಲಿ ಬಾಂಡಲಿ ಅಂಗಡಿ ಇದೆ, ಸ್ವಲ್ಪ ನಿಲ್ಲಿಸ್ರೀ" ಎಂದಳು.